ಬಚ್ಚಲಿಗೆ ಮರೆ ಬೇಕು, ಕತ್ತಲೆ ಬೇಡ

ಬೈಲಹೊಂಗಲ ತಾಲೂಕಿನ ನಮ್ಮ ನೇಸರಗಿಯ ಹೆಸರಿನಲ್ಲೇ ನೇಸರನಿದ್ದಾನೆ. ಹೊಲಕ್ಕಾಗಲಿ, ಅಂಗಳಕ್ಕಾಗಲಿ, ಮಾಳಿಗೆಗಾಗಲಿ ಇಲ್ಲಿ ಬಿಸಿಲಿನ ಕೊರತೆ ಇಲ್ಲ. ಆದರೂ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ನಡುಹಗಲಿಗೂ ದೀಪ ಹಾಕದೆ ಕಾಲಿಡಲಾಗದ ಜಾಗವೊಂದಿದೆ. ಅದು ಬಚ್ಚಲುಮನೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಚ್ಚಲನ್ನು ನಾವು ಮನೆಯ ಹಿಂದಿನ ಮೂಲೆಯಲ್ಲಿ ಕಟ್ಟುತ್ತೇವೆ. ಪಕ್ಕದ ಮನೆಯ ಗೋಡೆ ಕೈಗೆಟಕುವಷ್ಟು ಹತ್ತಿರ ಇರುತ್ತದೆ. ಹೆಣ್ಣುಮಕ್ಕಳ ಮರೆಗೆಂದು ಕಿಟಕಿಯನ್ನು ಚಿಕ್ಕದು ಮಾಡುತ್ತೇವೆ. ಆ ಚಿಕ್ಕ ಕಿಟಕಿಗೂ ರಟ್ಟನ್ನೋ ಹಳೆಯ ಬ್ಯಾನರಿನ ತುಂಡನ್ನೋ ಕಟ್ಟಿಬಿಡುತ್ತೇವೆ. ಒಳಗೆ ಬಾಗಿಲ ಮೇಲೆ ಒಂದು ಮಂದ ಬಲ್ಬು. ಜಳಕಕ್ಕೆ ಇಷ್ಟು ಬೆಳಕು ಸಾಕು ಎಂದು ವರ್ಷಗಟ್ಟಲೆ ಹಾಗೆಯೇ ನಡೆಸುತ್ತೇವೆ.

ಸ್ನಾನ ಮಾಡುವವರು ಮರೆ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದರಲ್ಲಿ ರಾಜಿಯಿಲ್ಲ. ಆದರೆ ಮರೆ ಬೇಕಿರುವುದು ಹೊರಗಿನವರ ಕಣ್ಣಿಗೆ. ಒಳಗೆ ಇರುವವರಿಗೆ ತಮ್ಮ ಮೈ, ನೆಲ, ನೀರು ಎಲ್ಲವೂ ಸ್ಪಷ್ಟವಾಗಿ ಕಾಣಬೇಕು. ಮರೆಯನ್ನೂ ಬೆಳಕನ್ನೂ ಒಟ್ಟಿಗೆ ಪಡೆಯುವುದು ಹೇಗೆ, ನೀರಿರುವ ಜಾಗದಲ್ಲಿ ದೀಪವನ್ನು ಅಪಾಯವಿಲ್ಲದಂತೆ ಹಾಕುವುದು ಹೇಗೆ ಎಂಬುದೇ ಈ ತಿಂಗಳ ಪಾಠ.

ಮಂದ ಬೆಳಕಿನಿಂದ ಆಗುವ ತೊಂದರೆ

ಮೊದಲನೆಯದು ಬೀಳುವ ಭಯ. ಚಳಿಗಾಲದಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದು ಬೆಳಗಿನ 7 ಗಂಟೆಯ ಆಸುಪಾಸು. ಫಜ್ರ್ ನಮಾಝ್ ಯಾವ ಕಾಲದಲ್ಲೂ ಸೂರ್ಯೋದಯಕ್ಕೆ ಮೊದಲೇ ಮುಗಿಯಬೇಕು. ಹಾಗಾಗಿ ಫಜ್ರಿನ ವುಝೂ, ಸಹರಿಯ ಹೊತ್ತಿನ ಗುಸ್ಲ್ ವರ್ಷವಿಡೀ ದೀಪದ ಬೆಳಕಿನಲ್ಲೇ ನಡೆಯುತ್ತವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗುವವರು ಸಾಮಾನ್ಯವಾಗಿ ದಾದಿಮಾ, ದಾದಾ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. 20ರ ಹರೆಯದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ 60 ದಾಟಿದವರ ಕಣ್ಣಿನೊಳಗೆ ತಲುಪುತ್ತದೆ. ಮಗನಿಗೆ ಸಾಕೆನಿಸುವ ದೀಪ ತಾಯಿಗೆ ಸಾಲುವುದಿಲ್ಲ. ಸೋಪಿನ ನೀರು, ಪಾಚಿ ಹಿಡಿದ ಫರಸಿ ಕಲ್ಲು, ಹೊಸ್ತಿಲ ಪಕ್ಕದ ಒಂದು ಮೆಟ್ಟಿಲು ಕಾಣದೆ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಹಲವರು ಮತ್ತೆ ಮೊದಲಿನಂತೆ ನಡೆಯಲಾರರು.

ಎರಡನೆಯದು ತಹಾರತ್. ಗುಸ್ಲ್‌ನಲ್ಲಿ ನೀರು ಇಡೀ ಮೈಗೆ ತಲುಪಬೇಕು. ವುಝೂ ಮಾಡಿದವರ ಹಿಮ್ಮಡಿ ಒಣಗಿದ್ದನ್ನು ಕಂಡು ಪ್ರವಾದಿ(ಸ)ರು ಕಠಿಣ ಎಚ್ಚರಿಕೆ ನೀಡಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಗೌಂಡಿ ಕೆಲಸದವರ ಕೈಗೆ ಸಿಮೆಂಟು, ಪೇಂಟರನ ಮೊಣಕೈಗೆ ಬಣ್ಣ, ರೊಟ್ಟಿ ಬಡಿದವರ ಉಗುರಿನ ಸಂದಿಗೆ ಹಿಟ್ಟು ಅಂಟಿರುತ್ತದೆ. ಮಬ್ಬು ಬೆಳಕಿನಲ್ಲಿ ಇವು ಕಾಣುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೈಝ್ ಮುಗಿಯಿತೇ ಇಲ್ಲವೇ ಎಂಬುದನ್ನು ಬಣ್ಣ ನೋಡಿ ತಿಳಿಯಬೇಕಾಗುತ್ತದೆ. ಹಳದಿ ಕಂಡು ಸಂದೇಹಪಟ್ಟ ಸ್ತ್ರೀಯರಿಗೆ ಹ. ಆಯಿಶಾ(ರ) ಬಿಳಿಯನ್ನು ಕಾಣುವ ತನಕ ಅವಸರ ಮಾಡಬೇಡಿರೆಂದು ತಿಳಿಸಿದ ವರದಿ ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿದೆ. ಹಳದಿ ಬಲ್ಬಿನ ಕೆಳಗೆ ಬಿಳಿ ಬಟ್ಟೆಯೂ ಹಳದಿಯಾಗಿಯೇ ಕಾಣುತ್ತದೆ. ನಮಾಝ್ ಮತ್ತು ಉಪವಾಸ ಶುರು ಮಾಡುವ ನಿರ್ಧಾರ ನಿಂತಿರುವ ಈ ವಿಷಯದಲ್ಲಿ ಬಚ್ಚಲಿನ ಬಲ್ಬು ತಪ್ಪು ತೋರಿಸಬಾರದು.

ಮೂರನೆಯದು ಆರೋಗ್ಯ. ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿ ಗಾಯವಾದರೂ ನೋವು ತಿಳಿಯುವುದಿಲ್ಲ. ಅವರು ದಿನವೂ ಪಾದ, ಬೆರಳ ಸಂದಿ, ಅಂಗಾಲನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು. ದಿನಕ್ಕೆ ಐದು ಸಲ ಕಾಲು ತೊಳೆಯುವ ನಮಗೆ ಅದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ? ಆದರೆ ನೋಡಲು ಬೆಳಕು ಬೇಕು. ತೊಡೆಸಂದಿಯ ಗಜಕರ್ಣ, ಮಕ್ಕಳ ಮೈಮೇಲಿನ ಗುಳ್ಳೆ, ಬೆರಳ ನಡುವಿನ ಕಜ್ಜಿ ಇವೂ ಬೆಳಕಿದ್ದರೆ ಬೇಗ ಕಣ್ಣಿಗೆ ಬೀಳುತ್ತವೆ.

ಹಗಲಿನ ಬೆಳಕು ಮೇಲಿನಿಂದ ಬರಲಿ

ನಮ್ಮ ಹಿರಿಯರು ಕಟ್ಟಿದ ಮಣ್ಣಿನ ಮಾಳಿಗೆಯ ಮನೆಗಳನ್ನು ನೆನಪಿಸಿಕೊಳ್ಳಿ. ಗೋಡೆಗೆ ಕಿಟಕಿ ಕಡಿಮೆ, ಆದರೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬೆಳಕು ಒಳಗೆ ಬರುತ್ತಿತ್ತು, ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಬೀದಿಯಲ್ಲಿ ಹೋಗುವವರಿಗೆ ಒಳಗಿನದು ಏನೂ ಕಾಣುತ್ತಿರಲಿಲ್ಲ.

ಮುಸ್ಲಿಮ್ ಜಗತ್ತಿನ ಹಮಾಮ್‌ಗಳನ್ನು ಕಟ್ಟಿದವರೂ ಇದೇ ಉಪಾಯ ಮಾಡಿದ್ದರು. ಸ್ಪೇನಿನ ಗ್ರನಾಡಾ ನಗರದಲ್ಲಿ 11ನೇ ಶತಮಾನದ ಹಮಾಮ್ ಒಂದು ಇಂದಿಗೂ ಉಳಿದಿದೆ. ಅದರ ಕಮಾನು ಛಾವಣಿಯಲ್ಲಿ ನಕ್ಷತ್ರದ ಆಕಾರದ ಕಿಂಡಿಗಳಿವೆ. ಟರ್ಕಿಯ ಹಮಾಮ್‌ಗಳ ಗುಮ್ಮಟಗಳಲ್ಲಿ ದುಂಡನೆಯ ಗಾಜಿನ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಸ್ನಾನದ ಜಾಗಕ್ಕೆ ಮರೆ ಬೇಕು ಎಂದು ಬೆಳಕನ್ನು ತಡೆಯದೆ, ಅದು ಬರುವ ದಿಕ್ಕನ್ನು ಬದಲಿಸಿದರು.

ನಾವೂ ಹಾಗೆ ಮಾಡಬಹುದು. ಬಚ್ಚಲಿನ ಮೇಲೆ ತಗಡು ಇದ್ದರೆ ಒಂದು ತಗಡಿನ ಬದಲು ಹಾಲುಬಣ್ಣದ ಫೈಬರ್ ಶೀಟ್ ಹಾಕಿಸಿ. ಪಾರದರ್ಶಕ ಶೀಟ್ ಬೇಡ, ಪಕ್ಕದ ಮಹಡಿಯಿಂದ ಕಾಣಬಹುದು. ಸ್ಲ್ಯಾಬ್ ಹಾಕಿಸುವ ಹೊಸ ಮನೆಯಾದರೆ ಬಚ್ಚಲಿನ ಮೇಲೆ ಒಂದು ಅಡಿ ಚೌಕದ ಕಿಂಡಿ ಬಿಡಿಸಿ. ಮಳೆನೀರು ಇಳಿಯದಂತೆ ಸುತ್ತ ಕಟ್ಟೆ ಎತ್ತಿಸಿ, ಮೇಲೆ ದಪ್ಪನೆಯ ಮಬ್ಬು ಗಾಜು ಕೂರಿಸಬೇಕು. ಈ ಮಾತನ್ನು ಸ್ಲ್ಯಾಬ್ ಹಾಕುವ ಮೊದಲೇ ಗೌಂಡಿಗೆ ಹೇಳಿ. ಆಮೇಲೆ ಒಡೆಸುವುದು ಖರ್ಚಿನ ಕೆಲಸ, ಸೋರಿಕೆಯ ಕಾಟವೂ ಬರುತ್ತದೆ.

ಛಾವಣಿಗೆ ಕೈಹಾಕಲು ಆಗದಿದ್ದರೆ ವೆಂಟಿಲೇಟರನ್ನು ಸರಿಪಡಿಸಿ. ನೆಲದಿಂದ ಆರೂವರೆ ಅಡಿಗಿಂತ ಮೇಲಿದ್ದು, ಓರೆಯಾದ ಗಾಜಿನ ಪಟ್ಟಿಗಳಿದ್ದರೆ ಆಕಾಶದ ಬೆಳಕು ಒಳಗೆ ಬರುತ್ತದೆ, ಗಾಳಿಯೂ ಆಡುತ್ತದೆ, ಹೊರಗೆ ನಿಂತವರ ನೋಟ ಒಳಗೆ ಬೀಳುವುದಿಲ್ಲ. ಗಾಜು ಪಾರದರ್ಶಕವಾಗಿದ್ದರೆ ಮಬ್ಬು ಗಾಜಿನ ಅಂಟುಹಾಳೆ ಅಂಟಿಸಿ. ರಟ್ಟನ್ನು ಮಾತ್ರ ತೆಗೆದುಹಾಕಿ.

ರಟ್ಟು ತೆಗೆಯಿರಿ ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಗ್ಯಾಸ್ ಗೀಸರ್ ಉರಿಯುವಾಗ ಬಚ್ಚಲಿನ ಗಾಳಿಯಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜಳಕ ಮಾಡುತ್ತಿರುವವರಿಗೆ ತಲೆ ಸುತ್ತಿ, ಕೂಗಲೂ ಆಗದೆ ಕುಸಿದು ಪ್ರಾಣ ಹೋಗಬಹುದು. ಕರ್ನಾಟಕದಲ್ಲಿ ಇಂಥ ಸಾವುಗಳ ಸುದ್ದಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ನೀರಿನ ಪೈಪು ಮಾತ್ರ ಒಳಗೆ ಬರಲಿ.

ಬಲ್ಬು ಎಲ್ಲಿರಬೇಕು?

ಇಂದು ರಾತ್ರಿ ಒಂದು ಪರೀಕ್ಷೆ ಮಾಡಿ. ಬಚ್ಚಲಿನ ದೀಪ ಹಾಕಿ, ಜಳಕದ ಮಣೆಯ ಮೇಲೆ ನಳದ ಕಡೆ ಮುಖ ಮಾಡಿ ಕುಳಿತುಕೊಳ್ಳಿ. ನಿಮ್ಮ ಪಾದ ನೋಡಿ. ಅದರ ಮೇಲೆ ನಿಮ್ಮದೇ ನೆರಳು ಬಿದ್ದಿದ್ದರೆ ದೀಪ ತಪ್ಪು ಜಾಗದಲ್ಲಿದೆ ಎಂದರ್ಥ. ಬಹಳಷ್ಟು ಮನೆಗಳಲ್ಲಿ ಬಲ್ಬು ಬಾಗಿಲ ಮೇಲಿರುತ್ತದೆ, ನಳ ಎದುರು ಗೋಡೆಯಲ್ಲಿರುತ್ತದೆ. ದೀಪ ಬೆನ್ನ ಹಿಂದೆ ಉಳಿಯುತ್ತದೆ. ಎಷ್ಟು ದೊಡ್ಡ ಬಲ್ಬು ಹಾಕಿದರೂ ನೆರಳೇ ಗಟ್ಟಿಯಾಗುತ್ತದೆ. ದೀಪ ಛಾವಣಿಯ ನಡುವೆ, ಅಥವಾ ಕುಳಿತವರ ಮುಂಬದಿಗೆ ತುಸು ಸರಿದು, ಶವರಿನ ನೀರು ನೇರ ತಾಗದ ಕಡೆ ಇರಬೇಕು.

ಮರೆಯ ದೃಷ್ಟಿಯಿಂದಲೂ ದೀಪದ ಜಾಗ ಮುಖ್ಯ. ಮಬ್ಬು ಗಾಜು ಹಗಲಿನಲ್ಲಿ ಒಳಗಿನದನ್ನು ಮುಚ್ಚುತ್ತದೆ. ರಾತ್ರಿ ಒಳಗೆ ದೀಪ ಉರಿಯುವಾಗ ಹಾಗಲ್ಲ. ದೀಪ ಮತ್ತು ಕಿಟಕಿಯ ನಡುವೆ ಮನುಷ್ಯ ನಿಂತರೆ ಅವರ ನೆರಳು ಗಾಜಿನ ಮೇಲೆ ಮೂಡಿ ಹೊರಗೆ ಕಾಣುತ್ತದೆ. ಕಿಟಕಿ ತಗ್ಗಿನಲ್ಲಿದ್ದರೆ ದೀಪವನ್ನು ಕಿಟಕಿ ಇರುವ ಗೋಡೆಯ ಕಡೆಗೇ, ಅದರ ಮೇಲ್ಭಾಗದಲ್ಲಿ ಹಾಕಿಸಿ. ಆಗ ನೆರಳು ಎದುರಿನ ಗೋಡೆಗೆ ಬೀಳುತ್ತದೆ, ಗಾಜಿಗಲ್ಲ. ಹಾಕಿಸಿದ ಮೇಲೆ ಮನೆಯವರೊಬ್ಬರು ಒಳಗೆ ಬಟ್ಟೆ ತೊಟ್ಟು ನಿಲ್ಲಲಿ, ಇನ್ನೊಬ್ಬರು ಹೊರಗಿನಿಂದ ನೋಡಿ ಖಚಿತಪಡಿಸಿಕೊಳ್ಳಲಿ.

ಈಗಿನ ಮನೆಗಳಲ್ಲಿ ಪಾಯಖಾನೆ ಮತ್ತು ಶವರು ಒಂದೇ ಕೋಣೆಯಲ್ಲಿದ್ದು, ನಡುವೆ ಅರ್ಧ ಗೋಡೆಯೋ ಪ್ಲಾಸ್ಟಿಕ್ ಪರದೆಯೋ ಇರುತ್ತದೆ. ಬಣ್ಣದ ದಪ್ಪ ಪರದೆ ಎಳೆದರೆ ಶವರಿನ ಮೂಲೆ ಕತ್ತಲಾಗುತ್ತದೆ. ಅಂಥ ಕಡೆ ಬಿಳಿಯ, ಬೆಳಕು ಹಾಯುವ ಪರದೆ ಹಾಕಿ. ಅಷ್ಟಕ್ಕೂ ಸಾಲದಿದ್ದರೆ ಶವರಿನ ಮೂಲೆಯ ಛಾವಣಿಗೆ ನೀರು ನುಗ್ಗದ 5 ವ್ಯಾಟ್‌ನ ಎರಡನೇ ದೀಪ ಬೇಕು.

ಎಷ್ಟು ಬೆಳಕು, ಯಾವ ಬಣ್ಣ?

ಬಲ್ಬಿನ ಡಬ್ಬಿಯ ಮೇಲೆ ಮೂರು ಸಂಖ್ಯೆ ನೋಡಿ ಕೊಳ್ಳಿ.

ಒಂದು, ಲ್ಯೂಮೆನ್. ವ್ಯಾಟ್ ಎಂಬುದು ಕರೆಂಟಿನ ಖರ್ಚು, ಲ್ಯೂಮೆನ್ ಎಂಬುದು ಸಿಗುವ ಬೆಳಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಹಳೆಯ 60 ವ್ಯಾಟ್‌ನ ತಂತಿ ಬಲ್ಬಿಗಿಂತ ಇದು ಹೆಚ್ಚು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದಾಗ ನಮ್ಮ ಮನೆಗಳಿಗೆ ಬಂದದ್ದು ಇದೇ 9 ವ್ಯಾಟ್‌ನ ಬಲ್ಬು. 4 ಅಡಿ ಅಗಲ, 6 ಅಡಿ ಉದ್ದದ ಬಚ್ಚಲಿಗೆ, ಗೋಡೆ ಬೆಳ್ಳಗಿದ್ದರೆ ಇಂಥ ಒಂದು ಸಾಕು. ದಿನಕ್ಕೆ 3 ಗಂಟೆ ಉರಿದರೂ ತಿಂಗಳಿಗೆ ಒಂದು ಯೂನಿಟ್ ಪೂರ್ತಿ ಆಗುವುದಿಲ್ಲ. ಕರೆಂಟ್ ಉಳಿಸಲೆಂದು ಬಚ್ಚಲಿಗೆ ಝೀರೊ ಬಲ್ಬು ಹಾಕುವವರು ಒಂದು ಮಾತು ತಿಳಿದಿರಲಿ: ಹಳೆಯ ಮಾದರಿಯ ಝೀರೊ ಬಲ್ಬು ನಿಜವಾಗಿ ಸುಮಾರು 15 ವ್ಯಾಟ್ ತಿನ್ನುತ್ತದೆ. ಅಂದರೆ ಖರ್ಚು ಹೆಚ್ಚು, ಬೆಳಕು ತೀರ ಕಡಿಮೆ.

ಎರಡು, ಬಣ್ಣ. ಇದನ್ನು ಕೆಲ್ವಿನ್ ಅಂಕಿಯಲ್ಲಿ ಬರೆದಿರುತ್ತಾರೆ. 2700ರಿಂದ 3000 ಹಳದಿ, 4000 ಸಹಜ ಬಿಳಿ, 6500 ನೀಲಿ ಛಾಯೆಯ ಬಿಳಿ. ಬಚ್ಚಲಿಗೆ 4000 ಒಳ್ಳೆಯದು. ಅದು ಸಿಗದಿದ್ದರೆ 6500 ಆದೀತು, ಹಳದಿ ಬೇಡ.

ಮೂರು, ಸಿಆರ್‌ಐ. ವಸ್ತುಗಳ ಬಣ್ಣವನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ ಇದು. 80 ಅಥವಾ ಹೆಚ್ಚು ಇರಬೇಕು. ಗಾಯದ ಕೆಂಪು, ಚರ್ಮದ ಕಲೆ, ಬಟ್ಟೆಯ ಮೇಲಿನ ಹಳದಿ ಸರಿಯಾಗಿ ಗೊತ್ತಾಗುವುದು ಇದರಿಂದ. ಜೊತೆಗೆ ಬಿಐಎಸ್ ಗುರುತು ಇದೆಯೇ ನೋಡಿ. ಸಂತೆಯಲ್ಲಿ ಡಬ್ಬಿ, ಬಿಲ್ಲು ಇಲ್ಲದೆ ಮಾರುವ ಬಲ್ಬು ಬಚ್ಚಲಿಗಂತೂ ಬೇಡ.

ಬರಿಯ ಬಲ್ಬು ಕಣ್ಣಿಗೆ ಚುಚ್ಚುತ್ತದೆ. ಕಣ್ಣಿನ ಪೊರೆ ಬಂದವರಿಗೆ ಇದರ ತೊಂದರೆ ಇನ್ನೂ ಹೆಚ್ಚು, ಬೆಳಕು ಹರಡಿ ಎದುರಿನದೇ ಕಾಣದಂತಾಗುತ್ತದೆ. ಹಾಲುಬಣ್ಣದ ಮುಚ್ಚಳವಿರುವ ದೀಪ ಹಾಕಿದರೆ ಬೆಳಕು ಎಲ್ಲ ಕಡೆ ಸಮನಾಗಿ ಹರಡುತ್ತದೆ.

ಗೋಡೆಯನ್ನೂ ಮರೆಯಬೇಡಿ. ಬಣ್ಣ ಕಾಣದ ಸಿಮೆಂಟು ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ನುಂಗುತ್ತದೆ. ಸುಣ್ಣ ಬಳಿದ ಗೋಡೆ ಬಹುಪಾಲನ್ನು ಹಿಂದಿರುಗಿಸುತ್ತದೆ. ಹೊಸ ದೀಪಕ್ಕೆ ಹಣ ಕೊಡುವ ಮೊದಲು ಗೋಡೆ, ಛಾವಣಿಗೆ ಬಿಳಿ ಬಳಿಯಿರಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಬಹುದು. ಹೊಳೆಯುವ ನುಣುಪು ಟೈಲ್ಸ್ ಮಾತ್ರ ನೆಲಕ್ಕೆ ಬೇಡ. ಒದ್ದೆಯಾದಾಗ ಜಾರುತ್ತದೆ, ದೀಪವೂ ಅದರಲ್ಲಿ ಪ್ರತಿಫಲಿಸಿ ಕಣ್ಣು ಕೋರೈಸುತ್ತದೆ.

ದೀಪ ಹಾಕಿದರೆ ಕ್ರಿಮಿ ಸಾಯುತ್ತವೆ ಎಂದು ಕೆಲವರು ಭಾವಿಸುತ್ತಾರೆ. ಮನೆಯ ಎಲ್‌ಇಡಿ ದೀಪದಿಂದ ಕ್ರಿಮಿಯಾಗಲಿ, ಬೂಷ್ಟಾಗಲಿ ಸಾಯುವುದಿಲ್ಲ. ಕೊಳೆ ಎಲ್ಲಿದೆ ಎಂದು ಅದು ತೋರಿಸುತ್ತದೆ, ತಿಕ್ಕಿ ತೊಳೆಯುವುದು ನಮ್ಮ ಕೆಲಸ. ಒಣಗಿಸುವುದು ಗಾಳಿ ಮತ್ತು ಬಿಸಿಲಿನ ಕೆಲಸ.

ನೀರು, ಉಗಿ ಮತ್ತು ಕರೆಂಟು

ಒಣಗಿದ ಚರ್ಮ ಕರೆಂಟನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಒದ್ದೆಯಾದಾಗ ಆ ತಡೆ ಬಹಳ ಕಡಿಮೆಯಾಗುತ್ತದೆ. ನಮ್ಮ ಮನೆಗಳ 230 ವೋಲ್ಟ್ ಕರೆಂಟು ಒದ್ದೆ ಮೈಯಲ್ಲಿ ಹರಿದರೆ ಹೃದಯ ನಿಲ್ಲಬಹುದು. ಆದ್ದರಿಂದ ಈ ಭಾಗವನ್ನು ಓದಿ ಬಿಡಬೇಡಿ, ಮನೆಯಲ್ಲಿ ಒಂದೊಂದಾಗಿ ನೋಡಿ.

ಜಳಕದ ಜಾಗದ ಸುತ್ತ 60 ಸೆಂಟಿಮೀಟರ್, ಅಂದರೆ ಸುಮಾರು 2 ಅಡಿ ದೂರ ಮತ್ತು ನೆಲದಿಂದ 2.25 ಮೀಟರ್ ಎತ್ತರದವರೆಗಿನ ಜಾಗವನ್ನು ಅಂತಾರಾಷ್ಟ್ರೀಯ ವಿದ್ಯುತ್ ನಿಯಮಗಳು ಅಪಾಯದ ವಲಯವೆಂದು ಗುರುತಿಸುತ್ತವೆ. ನಮ್ಮ ಚಿಕ್ಕ ಬಚ್ಚಲುಗಳಲ್ಲಿ ಹೆಚ್ಚುಕಡಿಮೆ ಇಡೀ ಕೋಣೆಯೇ ಈ ವಲಯದೊಳಗೆ ಬರುತ್ತದೆ. ಹಾಗಾಗಿ ತೆರೆದ ಹೋಲ್ಡರಿಗೆ ಬಲ್ಬು ಸಿಕ್ಕಿಸುವುದು ಬಚ್ಚಲಿಗೆ ಸರಿಯಲ್ಲ. ಉಗಿ ತಾಗಿ ಹೋಲ್ಡರಿಗೆ ತುಕ್ಕು ಹಿಡಿಯುತ್ತದೆ, ನೀರು ಒಳಗೆ ಇಳಿಯುತ್ತದೆ. ಮುಚ್ಚಿದ ದೀಪ ಕೊಳ್ಳಿ. ಅಂಗಡಿಯಲ್ಲಿ ಬಲ್ಕ್‌ಹೆಡ್ ಲೈಟ್ ಎಂದು ಕೇಳಿ. ಅದರ ಮೇಲೆ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತದೆ. ಮೊದಲ ಅಂಕಿ ಧೂಳನ್ನು, ಎರಡನೆಯದು ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ. ಐಪಿ 44 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ಹನಿ ತಡೆಯುತ್ತದೆ. ಐಪಿ 65 ಎಂದರೆ ಪೈಪಿನಿಂದ ನೀರು ಹಾಯಿಸಿದರೂ ತಡೆಯುತ್ತದೆ. ಶವರಿನ ಹತ್ತಿರಕ್ಕೆ ಐಪಿ 65 ಇರಲಿ.

ಸ್ವಿಚ್ಚು ಬಚ್ಚಲಿನ ಹೊರಗೆ, ಬಾಗಿಲ ಪಕ್ಕದಲ್ಲಿರಬೇಕು. ಮನೆಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ವೈರ್‌ಮನ್ ಕರೆಸಿ ಪರೀಕ್ಷಿಸಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ದಾರಿ ತಪ್ಪಿ ಮೈಗೋ ನೀರಿಗೋ ಹರಿದರೆ ಅದು ಕ್ಷಣಮಾತ್ರದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಬದಲಿಸಿ. ಸಾಮಾನ್ಯ ಫ್ಯೂಸು ಅಥವಾ ಎಂಸಿಬಿ ಈ ಕೆಲಸ ಮಾಡುವುದಿಲ್ಲ, ಅವು ಇರುವುದು ವೈರನ್ನು ಕಾಪಾಡಲು.

ಬಲ್ಬು ಬದಲಿಸುವಾಗ ಮೇನ್ ಆಫ್ ಮಾಡಿ. ಕೈ, ಕಾಲು, ಸ್ಟೂಲು ಒಣಗಿರಲಿ. ಬಕೆಟ್ಟಿನಲ್ಲಿ ಹೀಟರ್ ರಾಡ್ ಇಟ್ಟು ಪಕ್ಕದಲ್ಲೇ ಜಳಕ ಮಾಡುವ ರೂಢಿ ಇದ್ದರೆ ಇಂದೇ ಬಿಡಿ.

ರಾತ್ರಿಯ ದೀಪ ಬೇರೆ

ನಡುರಾತ್ರಿ ಎದ್ದು ಹೋಗುವವರಿಗೆ 900 ಲ್ಯೂಮೆನ್ ಬೇಕಿಲ್ಲ. ಪ್ರಖರವಾದ ಬಿಳಿ ಬೆಳಕು ನಿದ್ದೆಯನ್ನು ಓಡಿಸುತ್ತದೆ. ಕಣ್ಣು ಬೆಳಕಿಗೆ ಹೊಂದಿಕೊಂಡ ಮೇಲೆ ಮತ್ತೆ ಕತ್ತಲೆಯ ಪಡಸಾಲೆಗೆ ಬಂದರೆ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಎಡವುವುದು ಆಗಲೇ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಅರ್ಧ ವ್ಯಾಟ್‌ನ ಹಳದಿ ಎಲ್‌ಇಡಿ ರಾತ್ರಿದೀಪ ಹಾಕಿ. ಇಡೀ ರಾತ್ರಿ ಉರಿದರೂ ಅದರ ಖರ್ಚು ಲೆಕ್ಕಕ್ಕಿಲ್ಲ.

ಕರೆಂಟು ಹೋದಾಗ ಬಚ್ಚಲಿಗೆ ಮೇಣದ ಬತ್ತಿ, ಸೀಮೆಎಣ್ಣೆ ಬುಡ್ಡಿ ಒಯ್ಯಬೇಡಿ. ಮಲಗುವ ಮೊದಲು ದೀಪ ಆರಿಸಿರೆಂದು, ಇಲಿ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ತಾಗೀತೆಂದು ಪ್ರವಾದಿ(ಸ)ರು ಎಚ್ಚರಿಸಿದ್ದರು. ದೀಪ ಹಾಕುವಾಗ ಅದರ ಅಪಾಯವನ್ನೂ ಯೋಚಿಸಬೇಕೆಂದು ಇದರಿಂದ ಕಲಿಯುತ್ತೇವೆ. ಚಾರ್ಜ್ ಮಾಡಿದ ಟಾರ್ಚೊಂದನ್ನು ಬಚ್ಚಲಿನ ಬಾಗಿಲ ಹೊರಗೆ ಮೊಳೆಗೆ ತೂಗುಹಾಕಿ, ಎಲ್ಲರಿಗೂ ಅದರ ಜಾಗ ಗೊತ್ತಿರಲಿ.

ಎಲ್ಲಿಂದ ಶುರು ಮಾಡಬೇಕು?

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ಕ್ರಮದಲ್ಲಿ ಮಾಡಿ.

1. ಇಂದು: ವೆಂಟಿಲೇಟರಿನ ರಟ್ಟು ತೆಗೆದು ಗಾಜು ತೊಳೆಯಿರಿ. ಬಲ್ಬಿನ ಮೇಲಿನ ಧೂಳು, ಜೇಡನ ಬಲೆ ತೆಗೆಯಿರಿ. ಬಾಗಿಲ ಹೊರಗೆ ಟಾರ್ಚ್ ತೂಗುಹಾಕಿ.

2. ಈ ವಾರ: ಗೋಡೆ ಮತ್ತು ಛಾವಣಿಗೆ ಸುಣ್ಣ ಬಳಿಯಿರಿ. ಪಾಚಿ ತಿಕ್ಕಿ ತೆಗೆಯಿರಿ. ಹೊಸ್ತಿಲು, ಮೆಟ್ಟಿಲಿನ ಅಂಚಿಗೆ ಬಿಳಿ ಪಟ್ಟಿ ಎಳೆಯಿರಿ.

3. ಈ ತಿಂಗಳು: ವೈರ್‌ಮನ್ ಕರೆಸಿ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಮಾಡಿಸಿ. ಮುಚ್ಚಿದ ದೀಪವನ್ನು ಸರಿಯಾದ ಜಾಗಕ್ಕೆ ಹಾಕಿಸಿ. ಹಣ ಕಡಿಮೆ ಇದ್ದರೆ ಆರ್‌ಸಿಸಿಬಿ ಮೊದಲು, ದೀಪ ಆಮೇಲೆ.

4. ಮುಂದೆ ಮನೆ ಕಟ್ಟಿಸುವಾಗ ಅಥವಾ ಛಾವಣಿ ದುರಸ್ತಿ ಮಾಡಿಸುವಾಗ: ಬೆಳಕಿಂಡಿ ಇಡಿಸಿ.

ಕೆಲಸ ಮುಗಿದ ಮೇಲೆ ಮಣೆಯ ಮೇಲೆ ಕುಳಿತು ಪತ್ರಿಕೆಯ ಸಣ್ಣಕ್ಷರ ಓದಿ ನೋಡಿ. ಆಮೇಲೆ ಮನೆಯ ಹಿರಿಯರನ್ನು ಕರೆದು ಕೇಳಿ: ‘ದಾದಿಮಾ, ನಿಮ್ಮ ಕಾಲಿನ ಉಗುರು ಚೆನ್ನಾಗಿ ಕಾಣತದೇನ್ರಿ?’ ಅವರು ಹೌದು ಎಂದರೆ ಮನೆಯ ಉಳಿದವರಿಗೂ ಆ ಬೆಳಕು ಸಾಕು. ಇಲ್ಲ ಎಂದರೆ ಕೆಲಸ ಇನ್ನೂ ಬಾಕಿಯಿದೆ.

ನಮ್ಮ ಮಸೀದಿಗಳ ವುಝೂಖಾನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಫಜ್ರಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಮುಂದಿನ ಜುಮಾದ ದಿನ ಜಮಾಅತಿನ ಹಿರಿಯರ ಜೊತೆ ಈ ವಿಷಯ ಮಾತಾಡಿ. ಹೆತ್ತವರು ಎಡವದೆ, ಅಂಜದೆ ವುಝೂ ಮಾಡಿ ನಮಾಝಿಗೆ ನಿಲ್ಲುವಂತೆ ಮಾಡುವುದು ಅವರ ಸೇವೆಯ ಒಂದು ಭಾಗ. ಅಲ್ಲಾಹನು ಆ ಸೇವೆಗೆ ನಮಗೆ ತೌಫೀಕ್ ನೀಡಲಿ, ಆಮೀನ್.